ನಾಲ್ಕು ಜನಕ್ಕೆ ಹೇಳುವಷ್ಟರಲ್ಲಿ ಸಿನಿಮಾನೇ ಇರಲಿಲ್ಲ

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಹತ್ತೂಕಾಲಿನ ಶೋಗೆ ಹೋಗಿದ್ದೆ. ಹೊಸಬರ ಕನ್ನಡ ಸಿನಿಮಾ. ಮಾಲ್‌ನಲ್ಲಿ ಅರ್ಧ ಅಂಗಡಿಗಳ ಶಟರ್ ಇನ್ನೂ ಎತ್ತಿರಲಿಲ್ಲ. ಅಷ್ಟು ದೊಡ್ಡ ಸ್ಕ್ರೀನಿಗೆ ನಾವು ಹನ್ನೊಂದು ಜನ. ಸಿನಿಮಾ ನಿಜಕ್ಕೂ ಚೆನ್ನಾಗಿತ್ತು. ಇಂಟರ್‌ವಲ್ ಆದ ಮೇಲೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಹೊರಗೆ ಬಂದರೆ ಬಾಗಿಲ ಹತ್ತಿರ ಮೂವರು ಹುಡುಗರು ನಿಂತಿದ್ದರು. ಎದೆ ಮೇಲೆ ಸಿನಿಮಾದ ಹೆಸರಿರುವ ಕಪ್ಪು ಟೀ ಶರ್ಟು. ಅವರಲ್ಲಿ ಒಬ್ಬರು ನಿರ್ದೇಶಕರು. ಬರುತ್ತಿದ್ದ ಒಬ್ಬೊಬ್ಬರನ್ನೂ ನಿಲ್ಲಿಸಿ, "ಸರ್, ಹೇಗಿತ್ತು ಸರ್? ಇಷ್ಟ ಆಗಿದ್ರೆ ದಯವಿಟ್ಟು ನಾಲ್ಕು ಜನಕ್ಕೆ ಹೇಳಿ ಸರ್" ಎನ್ನುತ್ತಿದ್ದರು. ನಾನು ಕೈ ಕುಲುಕಿದೆ. ಅಂಗೈ ಪೂರ್ತಿ ಬೆವರಿತ್ತು.

ನಾನು ಹೇಳಿದೆ. ಆಫೀಸಿನಲ್ಲಿ ಹೇಳಿದೆ, ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಹಾಕಿದೆ, ಅಕ್ಕನಿಗೆ ಫೋನ್ ಮಾಡಿದೆ. ಬುಧವಾರ ಅಕ್ಕನೇ ಫೋನ್ ಮಾಡಿದಳು. "ಎಲ್ಲೋ ಇದೆ ನೀನ್ ಹೇಳಿದ್ ಸಿನಿಮಾ? ಒಂದೇ ಒಂದು ಶೋ ತೋರಿಸ್ತಿದೆ, ಅದೂ ರಾತ್ರಿ ಹತ್ತೂಮುಕ್ಕಾಲಿಗೆ. ಮಕ್ಕಳನ್ನ ಕಟ್ಕೊಂಡು ಹೋಗಕ್ಕಾಗತ್ತಾ?" ಶುಕ್ರವಾರದ ಹೊತ್ತಿಗೆ ಆ ಶೋನೂ ಇರಲಿಲ್ಲ.

ಕನ್ನಡದವರು ಕನ್ನಡ ಸಿನಿಮಾ ನೋಡುವುದಿಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ಈಗ ಸಿಟ್ಟು ಬರುತ್ತದೆ. ನೋಡೋಕೆ ಟೈಮ್ ಕೊಟ್ಟರೆ ತಾನೇ ನೋಡೋದು?

ನಾನು ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯ ಒಂದು ತಾಲೂಕು ಪಟ್ಟಣದಲ್ಲಿ. ಆಗ ಪ್ರಿಂಟುಗಳು ಕಡಿಮೆ. ಬೆಂಗಳೂರು, ಮೈಸೂರಲ್ಲಿ ಓಡಿದ ಮೇಲೆ ರೀಲಿನ ಡಬ್ಬಗಳು ನಮ್ಮೂರಿಗೆ ಬರುತ್ತಿದ್ದವು. ಕೆಲವು ಸಲ ಎರಡು ಮೂರು ತಿಂಗಳೇ ಆಗುತ್ತಿತ್ತು. ಆದರೆ ಸಿನಿಮಾಗಿಂತ ಮುಂಚೆ ಸುದ್ದಿ ಬಂದಿರುತ್ತಿತ್ತು. ಬೆಂಗಳೂರಿನಿಂದ ಬಂದ ಚಿಕ್ಕಪ್ಪ ಕಥೆ ಹೇಳಿರುತ್ತಿದ್ದರು, ಕಟಿಂಗ್ ಶಾಪಿನಲ್ಲಿ ಹಾಡಿನ ಬಗ್ಗೆ ಮಾತಾಗಿರುತ್ತಿತ್ತು. ಚೆನ್ನಾಗಿಲ್ಲದ್ದು ನಾಲ್ಕು ದಿನಕ್ಕೆ ಎದ್ದು ಹೋಗುತ್ತಿತ್ತು. ಚೆನ್ನಾಗಿದ್ದದ್ದು ಹೆಸರಿಲ್ಲದವರದ್ದಾದರೂ ನಿಲ್ಲುತ್ತಿತ್ತು. ಬಾಯಿಮಾತು ಬಸ್ಸಿನಲ್ಲಿ ಓಡಾಡಲು ಬೇಕಾದಷ್ಟು ಸಮಯ ಸಿನಿಮಾಗಳಿಗೆ ಸಿಗುತ್ತಿತ್ತು.

ಇನ್ನೊಂದು ವಿಷಯ, ಆಗ ನಾವು ಸುಮ್ನೆ ಸಿನಿಮಾಗೆ ಹೋಗುತ್ತಿದ್ದೆವು. ಸಂತೆ ಮುಗಿಸಿ ಮ್ಯಾಟ್ನಿಗೆ ನುಗ್ಗಿದವರ ಕಾಲ ಬಳಿ ತರಕಾರಿ ಚೀಲ ಇರುತ್ತಿತ್ತು. ಯಾವ ಸಿನಿಮಾ ಎಂದು ಒಳಗೆ ಹೋದ ಮೇಲೆ ಕೇಳಿಕೊಂಡವರೂ ಇದ್ದರು. ಟಿಕೆಟ್ ದುಡ್ಡು ಹೋದರೂ ಹೊಟ್ಟೆ ಉರಿಯುತ್ತಿರಲಿಲ್ಲ. ಆ "ಸುಮ್ನೆ" ಹೋಗುವವರೇ ಹೊಸಬರನ್ನು ಕಾಪಾಡಿದ್ದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಇವತ್ತು ನಾಲ್ಕು ಜನರ ಮನೆಯವರು ವಾರದ ಕೊನೆಯಲ್ಲಿ ಮಾಲ್‌ಗೆ ಹೋದರೆ ಟಿಕೆಟ್, ಬುಕಿಂಗ್ ಫೀಸು, ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲಾ ಸೇರಿ ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ದಾಟುತ್ತದೆ. ಅಷ್ಟು ಕೊಡುವವರು ಗ್ಯಾರಂಟಿ ನೋಡುತ್ತಾರೆ. ದೊಡ್ಡ ಸ್ಟಾರ್, ದೊಡ್ಡ ಬಜೆಟ್. ಮುಖ ಗೊತ್ತಿಲ್ಲದ ಹುಡುಗನ ಸಿನಿಮಾ ಮೇಲೆ ಯಾರು ಅಷ್ಟು ದುಡ್ಡು ಹಾಕುತ್ತಾರೆ?

ಅದಕ್ಕೇ ಟಿಕೆಟ್ ದರಕ್ಕೆ ಮಿತಿ ಬೇಕು ಎನ್ನುವವರಲ್ಲಿ ನಾನೂ ಒಬ್ಬ. 2017ರಲ್ಲೇ ನಮ್ಮ ಸರ್ಕಾರ 200 ರೂಪಾಯಿ ಮಿತಿ ತಂದಿತ್ತು, ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 12ಕ್ಕೆ ಮತ್ತೆ ನಿಯಮ ಬಂತು. ಹನ್ನೊಂದು ದಿನಕ್ಕೆ, 23ರಂದು, ಹೈಕೋರ್ಟಿನಿಂದ ತಡೆ ಬಂತು. ಆ ನಿಯಮದಲ್ಲೂ 200 ಎಂದರೆ ತೆರಿಗೆ ಬಿಟ್ಟು. 18% ಜಿಎಸ್‌ಟಿ ಸೇರಿದರೆ 236. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಸ್ಕ್ರೀನುಗಳಿಗೆ ಮಿತಿಯೇ ಇರಲಿಲ್ಲ. ಆದರೂ ನನಗೆ ಅದು ಬೇಕಿತ್ತು. 2022ರ ಸೆಪ್ಟೆಂಬರ್ 23ರಂದು ದೇಶದ ಉದ್ದಕ್ಕೂ 75 ರೂಪಾಯಿಗೆ ಟಿಕೆಟ್ ಕೊಟ್ಟರಲ್ಲ, ಆ ಒಂದೇ ದಿನ ಸುಮಾರು 65 ಲಕ್ಷ ಜನ ಥಿಯೇಟರಿಗೆ ಹೋದರು. ಜನಕ್ಕೆ ಆಸೆ ಇಲ್ಲ ಎಂದು ಇನ್ನು ಹೇಗೆ ಹೇಳೋದು?

ಮಲ್ಟಿಪ್ಲೆಕ್ಸ್‌ನವರ ಕಷ್ಟವೂ ನನಗೆ ಗೊತ್ತು. ಬಾಡಿಗೆ, ಕರೆಂಟು, ಎಸಿ, ಸಂಬಳ. ಟಿಕೆಟ್ ದುಡ್ಡಲ್ಲಿ ತೆರಿಗೆ ಕಳೆದು ಮೊದಲ ವಾರ ಸುಮಾರು ಅರ್ಧ ವಿತರಕರಿಗೆ ಹೋಗುತ್ತದೆ. ಪಾಪ್‌ಕಾರ್ನ್ ದುಡ್ಡಲ್ಲಿ ವಿತರಕರಿಗೆ ಪಾಲು ಕೊಡಬೇಕಿಲ್ಲ, ಅದಕ್ಕೇ ಅದು ಅಷ್ಟು ದುಬಾರಿ. ಆದರೆ ಖಾಲಿ ಸೀಟು ಪಾಪ್‌ಕಾರ್ನ್ ತಿನ್ನುವುದಿಲ್ಲ. ಸೋಮವಾರದಿಂದ ಗುರುವಾರದವರೆಗೆ ಬಿಕೋ ಎನ್ನುವ ಸ್ಕ್ರೀನಿಗೆ ನೂರು ರೂಪಾಯಿಯ ಟಿಕೆಟ್ ಇಟ್ಟು ನೋಡಲಿ. ನೂರರವರೆಗಿನ ಟಿಕೆಟ್ಟಿಗೆ ಈಗ ಜಿಎಸ್‌ಟಿ 5% ಮಾತ್ರ. ನೋಡುವವರಿಗೆ ಒಟ್ಟು 105 ರೂಪಾಯಿ ಬೀಳುತ್ತದೆ. ಈ ರೇಟಿಗೆ ನನ್ನ ಅಕ್ಕನಂಥವರು ಮಕ್ಕಳ ಸಮೇತ ಬರುತ್ತಾರೆ.

ಸಿಂಗಲ್ ಸ್ಕ್ರೀನ್‌ಗಳ ಕಥೆ ಬೇರೆ. ಅಲ್ಲಿ ಟಿಕೆಟ್ ಮೊದಲೇ ಕಡಿಮೆ. ತೊಂದರೆ ಇರುವುದು ವಾರದ ಬಾಡಿಗೆಯಲ್ಲಿ. ನಮ್ಮಲ್ಲಿ ಎಷ್ಟೋ ಥಿಯೇಟರುಗಳಿಗೆ ನಿರ್ಮಾಪಕರು ವಾರಕ್ಕೆ ಇಷ್ಟು ಎಂದು ಬಾಡಿಗೆ ಕಟ್ಟಿ ಸಿನಿಮಾ ಹಾಕಿಸಬೇಕು. ಜನ ಬಂದರೂ ಬಾಡಿಗೆ, ಬರದಿದ್ದರೂ ಬಾಡಿಗೆ. ಅದರ ಮೇಲೆ ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳ ಶುಲ್ಕ. ಮನೆ ಅಡ ಇಟ್ಟು ಸಿನಿಮಾ ಮಾಡಿದವರು ಎರಡನೇ ವಾರದ ಬಾಡಿಗೆ ಎಲ್ಲಿಂದ ತರಬೇಕು? ಬಾಡಿಗೆ ಬದಲು ಬಂದ ಕಲೆಕ್ಷನ್ನಿನಲ್ಲಿ ಇಷ್ಟು ಪಾಲು ಎನ್ನುವ ಪರ್ಸೆಂಟೇಜ್ ಪದ್ಧತಿ ತರಬೇಕು ಎಂಬ ಮಾತು ನಮ್ಮ ಸಿನಿಮಾದವರ ಗಾಂಧಿನಗರದಲ್ಲಿ ಬಹಳ ವರ್ಷದಿಂದ ಇದೆ. ಲಾಭ ನಷ್ಟ ಇಬ್ಬರೂ ಹಂಚಿಕೊಂಡರೆ ಥಿಯೇಟರಿನವರೂ ಸಿನಿಮಾವನ್ನು ತಮ್ಮದು ಎಂದುಕೊಂಡು ಓಡಿಸುತ್ತಾರೆ. ನಮ್ಮೂರಿನ ಥಿಯೇಟರ್ ಈಗ ಕಲ್ಯಾಣ ಮಂಟಪ. ಹೋದ ವರ್ಷ ಒಂದು ಮದುವೆಗೆ ಹೋಗಿದ್ದೆ. ಊಟದ ಹಾಲಿನ ಹಿಂದಿನ ಗೋಡೆಯಲ್ಲಿ ಪ್ರೊಜೆಕ್ಟರಿನ ಎರಡು ಚೌಕಾಕಾರದ ಕಿಂಡಿಗಳು ಹಾಗೇ ಇವೆ. ಸುಣ್ಣ ಹೊಡೆದಿದ್ದಾರೆ, ಮುಚ್ಚಿಲ್ಲ.

ಬಾಯಿಮಾತಿನ ಕಾಲ ಮುಗಿಯಿತು ಎಂದು ಹೇಳಬೇಡಿ. "ಮುಂಗಾರು ಮಳೆ" ಬಂದದ್ದು 2006ರ ಡಿಸೆಂಬರ್ 29ಕ್ಕೆ. ಅದರ ನಾಯಕ, ನಾಯಕಿ ಆಗಿನ್ನೂ ಅಂಥ ದೊಡ್ಡ ಹೆಸರಿನವರಾಗಿರಲಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲೇ ಅದು ವರ್ಷ ದಾಟಿ ಓಡಿತು. 2025ರ ಜುಲೈನಲ್ಲಿ ಬಂದ "ಸು ಫ್ರಮ್ ಸೋ" ನೋಡಿ. ಬಿಡುಗಡೆಗೆ ಮುಂಚೆಯೇ ಟಿಕೆಟ್ ಮಾರಿ ತೋರಿಸುವ ಪೇಯ್ಡ್ ಪ್ರೀಮಿಯರ್ ಇಟ್ಟು ಜನರ ಬಾಯಿಗೆ ಸುದ್ದಿ ಹಾಕಿದರು. ದಿನದಿಂದ ದಿನಕ್ಕೆ ಶೋಗಳು ಜಾಸ್ತಿ ಆದವು. ಆದರೆ ಹಾಗೆ ಮುಂಚೆಯೇ ತೋರಿಸಿ, ಪ್ರಚಾರ ಮಾಡಿ ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಸಿನಿಮಾ ಬರುತ್ತವೆ. ಒಂದೇ ಶುಕ್ರವಾರ ಆರೇಳು ಬಂದು ಒಂದನ್ನೊಂದು ತಳ್ಳಾಡುತ್ತವೆ. ಇದಕ್ಕೆ ಮಾತ್ರ ನಮ್ಮ ನಿರ್ಮಾಪಕರೇ ಕೂತು ಮಾತಾಡಿಕೊಳ್ಳಬೇಕು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸಂಜೆ ಒಂದು ಶೋ, ಎರಡು ವಾರ. ಮಹಾರಾಷ್ಟ್ರದಲ್ಲಿ 2015ರಲ್ಲಿ ಮಲ್ಟಿಪ್ಲೆಕ್ಸ್‌ಗಳು ಮಧ್ಯಾಹ್ನ 12ರಿಂದ ರಾತ್ರಿ 9ರ ನಡುವೆ ಮರಾಠಿ ಸಿನಿಮಾ ಹಾಕಲೇಬೇಕು ಎಂದು ಸರ್ಕಾರ ಹೇಳಿತು. ನಮ್ಮಲ್ಲೂ ಯಾಕಾಗಬಾರದು? ಆಫೀಸು ಮುಗಿಸಿ, ಮಕ್ಕಳ ಹೋಮ್‌ವರ್ಕ್ ಮುಗಿಸಿ ಹೋಗುವ ಹೊತ್ತಿಗೆ ಒಂದು ಕನ್ನಡ ಸಿನಿಮಾ ಇರಲಿ.

ಅಕ್ಕ ನಿನ್ನೆ ಮತ್ತೆ ಕೇಳಿದಳು, "ಆ ಸಿನಿಮಾ ಟಿವಿಯಲ್ಲೋ ಮೊಬೈಲಲ್ಲೋ ಬಂತೇನೋ?" ಇನ್ನೂ ಬಂದಿಲ್ಲ. ಥಿಯೇಟರಿನಲ್ಲಿ ಎಷ್ಟು ಓಡಿತು ಎಂದು ನೋಡಿಕೊಂಡೇ ಓಟಿಟಿಯವರು ಮಾತಿಗೆ ಕೂರುವುದು. ಆ ನಿರ್ದೇಶಕರ ನಂಬರ್ ಅವತ್ತು ತೆಗೆದುಕೊಂಡಿದ್ದೆ. ಮುಂದಿನ ಸಿನಿಮಾ ಬಿಡುಗಡೆಯಾಗುವ ದಿನ ಹೇಳಿ, ನಮ್ಮ ಮನೆಯಿಂದ ಎಂಟು ಟಿಕೆಟ್ ಎಂದು ಮೆಸೇಜ್ ಹಾಕಿದ್ದೇನೆ. ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.