ನೆಲ ನೆಟ್ಟಗಾದ ಮೇಲೆ

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಸರಿ, ಆಮೇಲೆ ಯಾರೋ ಪುಣ್ಯಾತ್ಮರು ಬಂದು ನೆಲವನ್ನು ನೆಟ್ಟಗೆ ಮಾಡಿಕೊಟ್ಟಿದ್ದರೆ ಅವಳ ಗತಿ ಏನಾಗುತ್ತಿತ್ತು? ಗಾದೆಯಲ್ಲಿ ಅದನ್ನು ಹೇಳಿಲ್ಲ. ನನ್ನನ್ನು ಕೇಳಿ, ಹೇಳುತ್ತೇನೆ. ನಾನು ಸ್ವಂತ ದುಡ್ಡು ಹಾಕಿ ನೆಲ ನೆಟ್ಟಗೆ ಮಾಡಿಸಿಕೊಂಡವನು.

ನನ್ನ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ 6 ಮೆಗಾಪಿಕ್ಸೆಲ್‌ನದು. ಫೋಕಸ್ ಮಾಡೋಕೆ ಮೂರೇ ಮೂರು ಚುಕ್ಕಿ. ನಡುವೆ ಒಂದು, ಅತ್ತ ಇತ್ತ ಒಂದೊಂದು. ಪಾಪದ ಕ್ಯಾಮೆರಾ. ಐದು ವರ್ಷ ಹೇಳಿದ ಹಾಗೆ ಕೇಳಿಕೊಂಡು ಇತ್ತು. ಚಿತ್ರ ತೆಗೆಯೋದಲ್ಲದೆ ಇನ್ನೊಂದು ದೊಡ್ಡ ಉಪಕಾರವನ್ನೂ ಮಾಡುತ್ತಿತ್ತು: ನನ್ನ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹೊತ್ತುಕೊಳ್ಳುತ್ತಿತ್ತು. ಚಿತ್ರ ಮಸುಕಾಗಿ ಬಂದರೆ ಚುಕ್ಕಿ ಕಡಿಮೆ. ಕತ್ತಲಲ್ಲಿ ತೆಗೆದ ಚಿತ್ರದ ಮೇಲೆ ಮರಳು ಚೆಲ್ಲಿದ ಹಾಗೆ ಕಂಡರೆ ಬೆಳಕು ಹಿಡಿಯೋ ಸೆನ್ಸರ್ ಹಳೇದು. ಹಕ್ಕಿ ಹಾರಿಹೋಗಿ ಬರೀ ಕೊಂಬೆ ಸಿಕ್ಕಿದರೆ, ಏನ್ ಮಾಡೋದು, ನಿಧಾನದ ಕ್ಯಾಮೆರಾ. ಕೇಳಿದವರೂ ಪಾಪ, ಹೌದೌದು ಅನ್ನುತ್ತಿದ್ದರು.

ಇದನ್ನೆಲ್ಲ ಗಂಭೀರವಾಗಿ ತಗೊಂಡವನು ಒಬ್ಬನೇ, ನನ್ನ ಬಾಮೈದ. "ಭಾವ, ನಿಮ್ಮ ಕಣ್ಣಿಗೆ ಈ ಕ್ಯಾಮೆರಾ ಸಾಲಲ್ಲ" ಅಂದ. ಹೊಗಳಿಕೆಗೆ ಕರಗದ ಭಾವ ಎಲ್ಲಿದ್ದಾನೆ ಹೇಳಿ. ಅವನು ಹಿಂದಿನ ತಿಂಗಳಷ್ಟೇ ಹೊಸದು ಕೊಂಡು ಹಳ್ಳಕ್ಕೆ ಬಿದ್ದಿದ್ದ, ಜೊತೆಗೆ ಇನ್ನೊಬ್ಬರು ಬೇಕಾಗಿತ್ತು ಅನ್ನೋದು ನನಗೆ ಹೊಳೆದಿದ್ದು ಎಷ್ಟೋ ದಿನ ಆದ ಮೇಲೆ.

ಮಧ್ಯಮ ದರ್ಜೆಯ ಕ್ಯಾಮೆರಾ ಆರಿಸೋದು ಅಂದರೆ ಮೊದಲು ಅಂಕೆಗಳ ಕಾಡಿನಲ್ಲಿ ಅಲೆಯಬೇಕು. ಕ್ಯಾನನ್‌ನವರದು ಒಂಥರಾ ತಲೆಕೆಳಗಾದ ಲೆಕ್ಕ. 5ಡಿ ದೊಡ್ಡದು, 50ಡಿ ಮಧ್ಯದ್ದು, 500ಡಿ ಚಿಕ್ಕದು, 1000ಡಿ ಇನ್ನೂ ಚಿಕ್ಕದು. ಸೊನ್ನೆ ಜಾಸ್ತಿ ಆದಷ್ಟೂ ಮರ್ಯಾದೆ ಕಡಿಮೆ. ನಿಕಾನ್‌ನವರು ಡಿ70, ಡಿ80, ಡಿ90 ಅಂತ ಬುದ್ಧಿವಂತರ ಹಾಗೆ ಎಣಿಸಿಕೊಂಡು ಬಂದು, 2010ರಲ್ಲಿ ಇದ್ದಕ್ಕಿದ್ದ ಹಾಗೆ ಡಿ7000ಕ್ಕೆ ಹಾರಿಬಿಟ್ಟರು. ಎರಡು ತಿಂಗಳು ರಾತ್ರಿ ಕೂತು ಓದಿದೆ. ಡಿ7000 ಕೈಗೆ ಬರೋ ಮೊದಲೇ ಅದರ ಜಾತಕ ಬಾಯಿಪಾಠ ಆಗಿತ್ತು: 16 ಮೆಗಾಪಿಕ್ಸೆಲ್, 39 ಫೋಕಸ್ ಚುಕ್ಕಿ, ಸೆಕೆಂಡಿಗೆ 6 ಚಿತ್ರ, ಎರಡು ಕಾರ್ಡಿಗೆ ಜಾಗ. ಮೂರು ಚುಕ್ಕಿ ಇದ್ದವನಿಗೆ 39! ಇನ್ನು ಮಸುಕಾಗೋದು ಹೇಗೆ ಸಾಧ್ಯ, ನೀವೇ ಹೇಳಿ.

ಸಾಧ್ಯ. ಮೊದಲ ತಿಂಗಳ ಚಿತ್ರಗಳು ಹಳೇ ಕ್ಯಾಮೆರಾದ ಚಿತ್ರಗಳಿಗಿಂತ ಮಸುಕಾಗಿದ್ದವು.

ಹೀಗೆ ಮೇಲಿನ ದರ್ಜೆಗೆ ಹೋದವರನ್ನು ಯಾರನ್ನೇ ಕೇಳಿ, ಮೊದಲು ದನಿ ಏರಿಸಿ ಹೊಸ ಕ್ಯಾಮೆರಾ ಎಷ್ಟು ಚೆನ್ನಾಗಿದೆ ಅಂತಾರೆ, ಆಮೇಲೆ ದನಿ ಇಳಿಸಿ, ಮೊದಮೊದಲು ಸ್ವಲ್ಪ ಬೇಜಾರಾಗಿತ್ತು ಅಂತ ಒಪ್ಪಿಕೊಳ್ಳುತ್ತಾರೆ. ಕಾರಣ ದೊಡ್ಡದೇನಲ್ಲ. ಹಳೇದರ ಚಿತ್ರದ ಅಗಲ 3008 ಪಿಕ್ಸೆಲ್, ಹೊಸದರದ್ದು 4928. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿದರೆ ಮೊದಲು ಕಾಣದೆ ಇದ್ದ ಕೈನಡುಕವೂ ಎದ್ದು ಕಾಣುತ್ತದೆ. ಕೈ ಅದೇ, ನಡುಕವೂ ಅದೇ, ಭೂತಗನ್ನಡಿ ಮಾತ್ರ ಹೊಸದು. ಅದರ ಜೊತೆಗೆ ಚಿಕ್ಕ ಕ್ಯಾಮೆರಾಗಳು ಚಿತ್ರಕ್ಕೆ ತಾವೇ ಸ್ವಲ್ಪ ಮೇಕಪ್ ಮಾಡಿ ಕಳಿಸುತ್ತವೆ: ಬಣ್ಣ ಒಂದು ಕೈ ಜಾಸ್ತಿ, ಅಂಚು ಒಂದು ಚೂರು ಹರಿತ. ಮೇಲಿನ ದರ್ಜೆಯವು ಆ ಕೆಲಸವನ್ನು ಹೆಚ್ಚುಕಡಿಮೆ ನಮಗೇ ಬಿಡುತ್ತವೆ. ನಮಗೆ ಅದು ಗೊತ್ತಿದೆ ಅಂದುಕೊಂಡಿರುತ್ತವೆ, ಪಾಪ.

ಆಗ ನನಗೆ ಇದೆಲ್ಲ ಎಲ್ಲಿ ಗೊತ್ತಿತ್ತು. ಹೊಸ ಕ್ಯಾಮೆರಾದಲ್ಲೇ ದೋಷ ಇದೆ ಅಂತ ತೀರ್ಮಾನ ಮಾಡಿದೆ. ನೆಪ ಸತ್ತಿರಲಿಲ್ಲ, ಅದೂ ಮಧ್ಯಮ ದರ್ಜೆಗೆ ಬಡ್ತಿ ಪಡೆದಿತ್ತು. ಈಗ ಅದಕ್ಕೊಂದು ತಾಂತ್ರಿಕ ಹೆಸರೂ ಸಿಕ್ಕಿತ್ತು: ಬ್ಯಾಕ್ ಫೋಕಸ್. ಕಣ್ಣಿಗೆ ಗುರಿ ಇಟ್ಟರೆ ಕಿವಿ ಸ್ಪಷ್ಟವಾಗಿ ಬರೋದು, ಅಷ್ಟೇ. ಅದನ್ನು ಸರಿ ಮಾಡೋಕೆ ಕ್ಯಾಮೆರಾದಲ್ಲೇ ಒಂದು ಮೆನು ಇದೆ, ಮೈನಸ್ 20ರಿಂದ ಪ್ಲಸ್ 20ರ ತನಕ ಹಿಂದೆ ಮುಂದೆ ತಳ್ಳಬಹುದು. ಕೈಯಲ್ಲಿ ಅಂಥದ್ದೊಂದು ಮೆನು ಇರೋವಾಗ ಮನುಷ್ಯ ಸುಮ್ನೆ ಕೂರೋದುಂಟಾ? ಗೋಡೆಗೆ ಪೇಪರ್ ಹಾಳೆ ಅಂಟಿಸಿದೆ. ಟ್ರೈಪಾಡ್ ನಿಲ್ಲಿಸಿದೆ. ಮೇಜಿನ ಮೇಲೆ ಮೂರು ಬ್ಯಾಟರಿಗಳನ್ನು ಓರೆಯಾಗಿ ಸಾಲಿಗಿಟ್ಟು ನಡುವಿನದಕ್ಕೆ ಫೋಕಸ್ ಮಾಡಿದೆ. ಮೊದಲ ದಿನ ಪ್ಲಸ್ 7 ಸರಿ ಅನ್ನಿಸಿತು. ಮಾರನೇ ದಿನ ಮೈನಸ್ 3. ಹದಿನೈದು ದಿನ ಹೀಗೇ ನಡೆಯಿತು. ಆ ಪೇಪರಿನ ವರ್ಗೀಕೃತ ಜಾಹೀರಾತುಗಳು ಇವತ್ತಿಗೂ ನನಗೆ ಕಂಠಪಾಠ.

"ಅದು ಆಗ್ಲೇ ಪ್ರಿಂಟಾಗಿ ಬಂದಿದೆಯಲ್ಲಾ ರೀ, ಮತ್ತೆ ಯಾಕೆ ಫೋಟೋ ಹೊಡೀತಾ ಇದೀರಾ?" ಅಂದಳು ಹೆಂಡತಿ.

ಇದಕ್ಕೆ ಉತ್ತರ ಸುಲಭವಲ್ಲ. ಕೊನೆಗೆ ಎಲ್ಲಿಗೆ ಬಂದು ನಿಂತೆ ಅಂತೀರಾ? ಸೊನ್ನೆಗೆ. ಕಾರ್ಖಾನೆಯಿಂದ ಬಂದಾಗಲೂ ಅಲ್ಲೇ ಇತ್ತು.

ಹಾಗಾದರೆ ಅಷ್ಟು ದುಡ್ಡು ಕೊಟ್ಟಿದ್ದು ಯಾತಕ್ಕೆ? ನನ್ನ ಪ್ರಕಾರ ಒಂದು ಚಕ್ರಕ್ಕೆ. ಹಳೇದರಲ್ಲಿ ಹಿಂದೆ ಹೆಬ್ಬೆರಳಿಗೆ ಒಂದೇ ಚಕ್ರ ಇತ್ತು. ಶಟರ್ ವೇಗ ಬದಲಿಸಬೇಕಾದರೆ ಚಕ್ರ ತಿರುಗಿಸಬೇಕು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರೋ ತೂತಿನ ಅಳತೆ, ಬದಲಿಸಬೇಕಾದರೆ ಇನ್ನೊಂದು ಬಟನ್ ಒತ್ತಿ ಹಿಡಿದು ಅದೇ ಚಕ್ರವನ್ನು ತಿರುಗಿಸಬೇಕು. ಅಷ್ಟರಲ್ಲಿ ಎದುರಿಗಿರೋ ಮಗು ನಗೋದನ್ನು ನಿಲ್ಲಿಸಿ ಅಳೋಕೆ ಶುರು ಮಾಡಿರುತ್ತದೆ. ಹೊಸದರಲ್ಲಿ ತೋರುಬೆರಳಿಗೂ ಒಂದು ಚಕ್ರ ಇದೆ. ಶಟರ್ ಹೆಬ್ಬೆರಳಿಗೆ, ಅಪರ್ಚರ್ ತೋರುಬೆರಳಿಗೆ. ಜಾಹೀರಾತಿನಲ್ಲಿ ಇದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಹಾಕಲ್ಲ, ಮೆಗಾಪಿಕ್ಸೆಲ್ ಹಾಕುತ್ತಾರೆ. ಆದರೆ ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಕಣ್ಣನ್ನು ನೋಡೋ ಕಿಂಡಿಯಿಂದ ತೆಗೆಯದೆಯೇ ಎರಡು ಬೆರಳು ತಾವಾಗೇ ತಿರುಗಿ ಬೆಳಕು ಸರಿಮಾಡಿಕೊಂಡವು. ಸೈಕಲ್ ಹಿಡಿದುಕೊಂಡಿದ್ದವರು ಯಾವಾಗಲೋ ಕೈಬಿಟ್ಟಿದ್ದಾರೆ ಅಂತ ಅರ್ಧ ದಾರಿಯಲ್ಲಿ ಗೊತ್ತಾಗುತ್ತಲ್ಲ, ಹಾಗಾಯಿತು.

ಆ ಕಿಂಡಿಯ ವಿಷಯವನ್ನೂ ಹೇಳಬೇಕು. ಅಗ್ಗದ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿನ ಬೆಳಕನ್ನು ಕಣ್ಣಿಗೆ ತಲುಪಿಸೋಕೆ ಕನ್ನಡಿಗಳನ್ನು ಜೋಡಿಸಿರುತ್ತಾರೆ, ಒಳಗೆ ಟೊಳ್ಳು. ಮಧ್ಯಮ ದರ್ಜೆಯದರಲ್ಲಿ ಗಟ್ಟಿ ಗಾಜಿನ ಪಟ್ಟಕ. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಹಳೇದರಲ್ಲಿ ಸುರಂಗದ ಆ ತುದಿಯಲ್ಲಿ ಜಗತ್ತು ಕಾಣುತ್ತಿತ್ತು, ಇದರಲ್ಲಿ ಕಿಟಕಿ ತೆಗೆದು ನಿಂತ ಹಾಗಿದೆ. ಹಳೇದು ಚಿತ್ರದ ನೂರರಲ್ಲಿ 95 ಪಾಲು ಮಾತ್ರ ತೋರಿಸುತ್ತಿತ್ತು, ಮಿಕ್ಕ ಐದು ಪಾಲಿನಲ್ಲಿ ಏನಿದೆ ಅನ್ನೋದು ಆಮೇಲೆ ಬಯಲಾಗುತ್ತಿತ್ತು. ನನ್ನ ಎಷ್ಟೋ ಒಳ್ಳೆ ಚಿತ್ರಗಳ ಅಂಚಿನಲ್ಲಿ ಯಾರದೋ ಮೊಣಕೈ ಇದೆ. ಹೊಸದರಲ್ಲಿ ಪೂರ್ತಿ ನೂರೂ ಕಾಣುತ್ತದೆ. ಈಗ ಮೊಣಕೈ ಬಂದರೆ ನಾನು ನೋಡಿಯೇ ಬಿಟ್ಟಿದ್ದು ಅಂತ ಅರ್ಥ. ಇನ್ನೊಂದು ನೆಪ ಹೋಯಿತು.

ಮಾವನವರ ಮೇಜಿನ ಖಾನೆಯಲ್ಲಿ ಒಂದು ಹಳೇ 50 ಎಂಎಂ ಲೆನ್ಸ್ ಬಿದ್ದಿತ್ತು, ಫಿಲಂ ಕಾಲದ್ದು, ಎಫ್ 1.8. ನಿಕಾನ್‌ನವರು 1959ರಿಂದ ಒಂದೇ ಅಳತೆಯ ಲೆನ್ಸ್ ಬಾಯಿ ಇಟ್ಟುಕೊಂಡು ಬಂದಿದ್ದರಿಂದ ಅದು ನನ್ನ ಹಳೇ ಕ್ಯಾಮೆರಾಕ್ಕೂ ಸಲೀಸಾಗಿ ಕೂರುತ್ತಿತ್ತು. ಕೂರುತ್ತಿತ್ತು, ಆದರೆ ಫೋಕಸ್ ಆಗುತ್ತಿರಲಿಲ್ಲ, ಕೈಯಲ್ಲೇ ತಿರುಗಿಸಬೇಕು. ಆ ಕಾಲದ ಲೆನ್ಸಿನಲ್ಲಿ ಮೋಟಾರ್ ಇಲ್ಲ, ಅದನ್ನು ತಿರುಗಿಸೋ ಮೋಟಾರ್ ಕ್ಯಾಮೆರಾದೊಳಗೆ ಇರಬೇಕು, ಅಗ್ಗದ ಮಾದರಿಗಳಲ್ಲಿ ಅದನ್ನು ತೆಗೆದುಹಾಕಿದ್ದರು. (ಕ್ಯಾನನ್ ಕಡೆಯವರಿಗೆ ಈ ರಗಳೆ ಇಲ್ಲ, ಅವರು 1987ರಲ್ಲೇ ಮೋಟಾರನ್ನು ಲೆನ್ಸಿನೊಳಗೆ ಹಾಕಿದರು. ಬಾಮೈದ ಆ ಕಡೆಯವನು, ವಾರಕ್ಕೊಮ್ಮೆ ನೆನಪಿಸುತ್ತಾನೆ.) ಹೊಸ ಕ್ಯಾಮೆರಾಕ್ಕೆ ಆ ಲೆನ್ಸ್ ಹಾಕಿ ಬಟನ್ ಅರ್ಧ ಒತ್ತಿದೆ. ಕರ್‌ರ್ ಅಂತ ಸದ್ದು ಮಾಡಿಕೊಂಡು ಲೆನ್ಸಿನ ಉಂಗುರ ತಾನೇ ತಿರುಗಿ ಠಕ್ ಅಂತ ನಿಂತಿತು. ಎಷ್ಟೋ ವರ್ಷ ಮಾತಾಡದೆ ಕೂತಿದ್ದ ಅಜ್ಜ ಗಂಟಲು ಸರಿಮಾಡಿಕೊಂಡ ಹಾಗೆ. ಮಾವನವರು ಹತ್ತಿರ ಬಂದು, "ಇನ್ನೊಂದ್ಸಲ ಮಾಡಪ್ಪಾ" ಅಂದರು. ಹತ್ತು ಸಲ ಮಾಡಿ ತೋರಿಸಿದೆ. ಚಿತ್ರ ಮಾತ್ರ ಒಂದೂ ತೆಗೆಯಲಿಲ್ಲ, ಇಬ್ಬರಿಗೂ ಅದು ಬೇಕಾಗಿರಲಿಲ್ಲ.

ಒಂದು ರಾತ್ರಿ ಮಗಳು ಓದುತ್ತಾ ಓದುತ್ತಾ ಪುಸ್ತಕದ ಮೇಲೆ ಕೆನ್ನೆ ಇಟ್ಟು ನಿದ್ದೆ ಹೋಗಿದ್ದಳು. ಕೋಣೆಯಲ್ಲಿ ಮೇಜಿನ ದೀಪ ಒಂದೇ. ಹಳೇದರಲ್ಲಿ ಇಂಥ ಹೊತ್ತಿನಲ್ಲಿ ಫ್ಲಾಶ್ ಹೊಡೆಯಬೇಕಿತ್ತು, ಹೊಡೆದರೆ ಮಗು ಏಳುತ್ತಿತ್ತು, ದೀಪದ ಹಳದಿ ಬೆಳಕೂ ಸಾಯುತ್ತಿತ್ತು. ಅದೇ ಲೆನ್ಸ್ ಹಾಕಿ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸೋ ಮಟ್ಟವನ್ನು, 3200ಕ್ಕೆ ಏರಿಸಿ, ಬಾಗಿಲ ಚೌಕಟ್ಟಿಗೆ ಭುಜ ಒರಗಿಸಿ, ಉಸಿರು ಹಿಡಿದು ಒತ್ತಿದೆ. ರೆಪ್ಪೆ ಒಂದೊಂದೂ ಬಂದಿತ್ತು. ತುಟಿಯ ಹತ್ತಿರ ಹಾಳೆಯ ಮೂಲೆ ಸ್ವಲ್ಪ ಒದ್ದೆಯಾಗಿತ್ತು, ಅದೂ ಬಂದಿತ್ತು. ಮರಳು ಇಲ್ಲ ಅಂತಲ್ಲ, ಇತ್ತು, ಹುಡುಕಿದರೆ ಕಾಣುತ್ತಿತ್ತು. ನಾನು ಹುಡುಕಲಿಲ್ಲ. ಆ ಚಿತ್ರವನ್ನು ಇವತ್ತಿನ ತನಕ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿಲ್ಲ.

ಸೆಕೆಂಡಿಗೆ 6 ಚಿತ್ರದ ಕಥೆ ಬೇರೆ. ತಂತಿ ಮೇಲೆ ಕಾಗೆ ಬಂದು ಕೂರೋದನ್ನು ಹಿಡಿಯೋಣ ಅಂತ ಬಟನ್ ಒತ್ತಿ ಹಿಡಿದೆ, ಒಂದೂವರೆ ಸೆಕೆಂಡಿಗೆ ಒಂಬತ್ತು ಕಾಗೆ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಕಾಗೆಯೇ ಬಂದು ಹೇಳಬೇಕು. ರಾ ಫೈಲಿನಲ್ಲಿ, ಅಂದರೆ ಮೇಕಪ್ ಮಾಡದ ಹಸಿ ಫೈಲಿನಲ್ಲಿ, ಒಂದೊಂದು ಕಾಗೆ ಹತ್ತಿರ ಹತ್ತಿರ 20 ಎಂಬಿ. ಭಾನುವಾರ ಬೆಳಗ್ಗೆ ಒಂದು ಗಂಟೆ ತೆಗೆದರೆ ಇಡೀ ವಾರದ ರಾತ್ರಿ ಅಳಿಸಬೇಕು. ಹಳೇ ಕಂಪ್ಯೂಟರ್ ಒಂದು ಫೈಲ್ ತೆಗೆಯೋಕೆ ಏದುಸಿರು ಬಿಡುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಹಾರ್ಡ್ ಡಿಸ್ಕ್ ಬಂತು, ಹಳೇ ಟ್ರೈಪಾಡ್ ತೂಕ ತಡೆಯದೆ ತಲೆ ಬಾಗಿಸಿದ್ದರಿಂದ ಅದೂ ಹೊಸದು ಬಂತು. ಕ್ಯಾಮೆರಾ ಒಂದನ್ನೇ ಬದಲಾಯಿಸುತ್ತೇನೆ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೆ. ಆ ವಿಷಯ ಇಲ್ಲಿಗೇ ಬಿಡೋಣ. ಸೆನ್ಸರ್ ಮೇಲೆ ಕೂತ ಧೂಳನ್ನು ಬಾಯಲ್ಲಿ ಊದಿ ಓಡಿಸೋಕೆ ಹೋಗಿ ಎಂಜಲು ಹಾರಿಸಿದ ವಿಷಯವನ್ನೂ ಬಿಡೋಣ. ರಬ್ಬರಿನ ಊದುಬುರುಡೆ ಅಂತ ಒಂದು ಸಿಗುತ್ತದೆ, ಮೊದಲೇ ತಗೊಳ್ಳಿ.

ಹಳೇದನ್ನು ಮಾರಿಬಿಡಿ ಅಂತ ಬಾಮೈದ ಹೇಳುತ್ತಲೇ ಇದ್ದ. ಮಾರೋ ಮುಂಚೆ ಅದು ಎಷ್ಟು ಸಲ ಶಟರ್ ಹೊಡೆದಿದೆ ಅಂತ ನೋಡಬೇಕಂತೆ, ಚಿತ್ರದ ಫೈಲಿನೊಳಗೇ ಆ ಎಣಿಕೆ ಇರುತ್ತದೆ. ನೋಡಿದೆ. ಹನ್ನೊಂದು ಸಾವಿರ ಚಿಲ್ಲರೆ. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಆರು ಚಿತ್ರ, ಹೊಸದು ಒಂದು ಸೆಕೆಂಡಿನಲ್ಲಿ ಮುಗಿಸೋ ಕೆಲಸ. ಹಳೇದಾಯ್ತು, ಸವೆದುಹೋಯ್ತು ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಅದಿನ್ನೂ ಸರಿಯಾಗಿ ಬೆವರೇ ಹರಿಸಿರಲಿಲ್ಲ. ಮಾರಲಿಲ್ಲ, ಬೀರುವಿನಲ್ಲಿಟ್ಟೆ.

ಇಷ್ಟರಲ್ಲಿ ನಾನು ಪಳಗಿದವನಾಗಿದ್ದೆ. ಪಳಗಿದವರು ಮಾಡೋ ಒಂದು ಕೆಲಸ ಇದೆ: ಫೋಕಸ್ ಮಾಡೋದನ್ನು ಶಟರ್ ಬಟನ್ನಿನಿಂದ ಬಿಡಿಸಿ, ಹಿಂದುಗಡೆ ಹೆಬ್ಬೆರಳಿನ ಬಟನ್ನಿಗೆ ವಹಿಸೋದು. ಹೆಬ್ಬೆರಳು ಫೋಕಸ್ ಮಾಡುತ್ತದೆ, ತೋರುಬೆರಳು ಚಿತ್ರ ಮಾತ್ರ ತೆಗೆಯುತ್ತದೆ. ಎರಡು ದಿನ ಕಷ್ಟ, ಆಮೇಲೆ ಬೇರೆ ಥರ ತೆಗೆಯೋಕೇ ಆಗಲ್ಲ. ಹೇಳಿಕೊಟ್ಟವನು ಬಾಮೈದನೇ.

ಮನೆಮಂದಿಯೆಲ್ಲ ಸೇರಿದ್ದ ಒಂದು ದಿನ ಎಲ್ಲರನ್ನೂ ಮೆಟ್ಟಿಲ ಮೇಲೆ ಕೂರಿಸಿ ಚಿತ್ರ ತೆಗೆದೆ. "ಯಾವಾಗ್ಲೂ ನೀವೇ ತೆಗೀತೀರಾ, ನೀವೊಂದ್ರಲ್ಲೂ ಇರಲ್ಲ. ಕೊಡಿ ಇಲ್ಲಿ, ಇದನ್ನ ಒತ್ತಿದ್ರೆ ಸಾಕಲ್ವಾ?" ಅಂತ ಹೆಂಡತಿ ಕ್ಯಾಮೆರಾ ಇಸಕೊಂಡಳು. ಸಾಕು ಅಂದೆ. ಹೋಗಿ ನಡುವೆ ಕೂತೆ. ಅವಳು ಚೆನ್ನಾಗಿ ಹಿಡಿದುಕೊಂಡು, ಮಾವನವರಿಗೆ ತಲೆ ಎತ್ತೋಕೆ ಹೇಳಿ, ಮಕ್ಕಳನ್ನು ನಗಿಸಿ, ಇಪ್ಪತ್ತು ಚಿತ್ರ ತೆಗೆದಳು. ಸಂಜೆ ನೋಡಿದರೆ ಇಪ್ಪತ್ತೂ ಮಸುಕು. ಹಿಂದಿದ್ದ ಗೋಡೆಯೂ ಸ್ಪಷ್ಟ ಇಲ್ಲ.

"ನಾನು ಸರಿಯಾಗೇ ತೆಗೆದಿದ್ದೆ ರೀ. ನಿಮ್ಮ ಕ್ಯಾಮೆರಾನೇ ಸರಿ ಇಲ್ಲ" ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಕುಣಿಯೋಕೆ ಬಾರದವಳು ಅಂತ ಯಾರೋ ಗಾದೆ ಶುರು ಮಾಡಿದರು, ಬಾಮೈದ ಮಾತ್ರ ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದ. ಅವಳು ಹೇಳಿದ್ದು ಅಕ್ಷರಶಃ ನಿಜ, ಈ ಸಲ ನೆಲ ಡೊಂಕಾಗೇ ಇತ್ತು, ಡೊಂಕು ಮಾಡಿಟ್ಟವನು ನಾನು. ಹೇಳಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ಬೀರು ತೆಗೆದು, ಹಳೇ ಕ್ಯಾಮೆರಾದ ಚಾರ್ಜರ್ ಎಲ್ಲಿಟ್ಟಿದ್ದೀರಿ ಅಂತ ಒಳಗಿನಿಂದ ಕೂಗುತ್ತಿದ್ದಳು.