ಹಿಪ್ಪುನೇರಳೆ ಗಾಂಡೀವ

ನಮ್ಮ ಕಡೆ ಮರದ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ. ಆದರೆ ಬಿಲ್ಲಿನ ಬಗ್ಗೆ ಗೊತ್ತಿಲ್ಲದವರು ಒಬ್ಬರೂ ಇಲ್ಲ. ರಾಮಾಯಣ ಗೊತ್ತು, ಮಹಾಭಾರತ ಗೊತ್ತು, ಇನ್ನೇನು ಬೇಕು? ನಾನು ಮನೆ ಮುಂದೆ ಕೂತು ಕುರ್ಚಿಯ ಕಾಲು ಕೆತ್ತುತ್ತಿದ್ದರೆ ಜನ ಸುಮ್ನೆ ಹೋಗುತ್ತಿದ್ದರು. ಬಿಲ್ಲು ಅಂದ ತಕ್ಷಣ ಹಾಲಿನವರಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವ ಹುಡುಗನವರೆಗೆ ಎಲ್ಲರೂ ನಿಂತು, ಒಂದು ಸಲಹೆ ಕೊಟ್ಟೇ ಮುಂದೆ ಹೋದರು.

ಮೊದಲ ಸಲಹೆಗಳೆಲ್ಲ ಮರದ ಬಗ್ಗೆ. ಒಬ್ಬರು ಶ್ರೀಗಂಧ ಅಂದರು. ಆ ಬಿಲ್ಲಿಗೆ ಹೆದೆ ಬೀಳುವ ಮೊದಲು ನನ್ನ ಕೈಗೆ ಕೋಳ ಬೀಳುತ್ತದೆ ಅಂದೆ. ಇನ್ನೊಬ್ಬರು ಬನ್ನಿ ಮರ ಅಂದರು. ಪಾಂಡವರು ಅಜ್ಞಾತವಾಸದಲ್ಲಿ ಆಯುಧ ಬಚ್ಚಿಟ್ಟದ್ದು ಬನ್ನಿ ಮರದ ಮೇಲೆ, ಸರಿ. ಆದರೆ ಬೀರುವಿನಲ್ಲಿ ಒಡವೆ ಇಟ್ಟೆವು ಅಂತ ಬೀರು ಕರಗಿಸಿ ಒಡವೆ ಮಾಡಿಸುತ್ತಾರಾ?

ನಾನು ಆರಿಸಿಕೊಂಡದ್ದು ಹಿಪ್ಪುನೇರಳೆ. ಇದು ತಮಾಷೆಗಲ್ಲ. ಅಮೆರಿಕದ ಮೂಲನಿವಾಸಿಗಳು ಬಿಲ್ಲಿಗಾಗಿ ಬಹಳ ಮೆಚ್ಚಿಕೊಂಡಿದ್ದ ಓಸೇಜ್ ಆರೆಂಜ್ ಎಂಬ ಮರವಿದೆ. ಹೆಸರಿಗೆ ಆರೆಂಜ್, ಕಿತ್ತಳೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಅದರ ದಾಯಾದಿಗಳು ನಮ್ಮ ಹಿಪ್ಪುನೇರಳೆ, ಹಲಸು, ಆಲ, ಅತ್ತಿ. ಹಿಪ್ಪುನೇರಳೆಯೂ ಒಳ್ಳೆಯ ಬಿಲ್ಲಾಗುತ್ತದೆ. ಮಂಡ್ಯ ಸೀಮೆಯಲ್ಲಿ ಹುಟ್ಟಿ, ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚಿ ಬೆಳೆದವನಿಗೆ ಇದಕ್ಕಿಂತ ಗುರುತಿನ ಮರ ಎಲ್ಲಿ ಸಿಗಬೇಕು?

ಪಾಂಡವಪುರದ ಹತ್ತಿರ ನಮ್ಮ ದೊಡ್ಡಪ್ಪನ ಗದ್ದೆಯ ಬದುವಿನಲ್ಲಿ ಅಂಥದ್ದೊಂದು ಇತ್ತು. ಸಾಮಾನ್ಯವಾಗಿ ಹಿಪ್ಪುನೇರಳೆಯನ್ನು ಸೊಪ್ಪಿಗಾಗಿ ಕತ್ತರಿಸಿ ಕತ್ತರಿಸಿ ಗಿಡವಾಗಿಯೇ ಇಟ್ಟಿರುತ್ತಾರೆ. ಇದೊಂದು ಮಾತ್ರ ಯಾರ ಕುಡುಗೋಲಿಗೂ ಸಿಗದೆ ಮರವಾಗಿತ್ತು. ಬಿಲ್ಲು ಮಾಡಲು ಒಂದು ನೆಟ್ಟಗಿನ ಕೊಂಬೆ ಬೇಕು ಎಂದಾಗ ದೊಡ್ಡಪ್ಪ ಬೀಡಿ ಪಕ್ಕಕ್ಕಿಟ್ಟರು.

"ಪಾಂಡವ್ರು ಹೋದ್ಮ್ಯಾಕೆ ಈ ಊರಲ್ಲಿ ಯಾರೂ ಆ ಕೆಲ್ಸ ಮುಟ್ಟಿಲ್ಲ ಕಣ್ಲಾ."

ಮಾತಿನಲ್ಲಿ ತಪ್ಪಿಲ್ಲ. ಪಾಂಡವರು ಕುಂತಿಬೆಟ್ಟದಲ್ಲಿ ಇದ್ದು ಹೋದರು ಅನ್ನುತ್ತಾರೆ. ಅವರ ನಂತರ ಅಲ್ಲಿ ಬೀಡುಬಿಟ್ಟ ಸೈನಿಕರೆಂದರೆ ಟಿಪ್ಪು ಕಾಲದ ಫ್ರೆಂಚರು. ಊರಿಗೆ ಫ್ರೆಂಚ್ ರಾಕ್ಸ್ ಅನ್ನುವ ಹೆಸರು ಬಂದದ್ದೇ ಅವರಿಂದ. ಅವರ ಕೈಯಲ್ಲಿದ್ದದ್ದು ಬಂದೂಕು.

ಕೊಂಬೆ ಕಡಿದು, ಉದ್ದಕ್ಕೆ ಸೀಳಿ ಎರಡು ಭಾಗ ಮಾಡಿದೆವು. ಹಸಿ ಮರ ತುದಿಗಳ ಕಡೆಯಿಂದ ಬೇಗ ಒಣಗುತ್ತದೆ, ನಡುವೆ ನಿಧಾನ. ಈ ಜಗಳದಲ್ಲಿ ತುದಿ ಬಿರುಕು ಬಿಡುತ್ತದೆ. ಅದಕ್ಕೇ ತುದಿಗಳಿಗೆ ಬಣ್ಣ ಬಳಿದು ಮುಚ್ಚಬೇಕು. ದೊಡ್ಡಪ್ಪನ ಮನೆ ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಬಳಿದು, ಎರಡನ್ನೂ ಅಟ್ಟದ ಮೇಲಿಟ್ಟು, ಒಂದು ವರ್ಷ ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದೆ.

ವರ್ಷ ಕಳೆದು ಹೋದಾಗ ಅಟ್ಟದ ಮೇಲೆ ಒಂದೇ ಇತ್ತು. ದೊಡ್ಡಮ್ಮನನ್ನು ಕೇಳಿದೆ. ಗೌರಿ ಹಬ್ಬಕ್ಕೆ ಮಳೆ ಹಿಡಿದುಕೊಂಡು ಸೌದೆಯೆಲ್ಲ ನೆನೆದಿತ್ತಂತೆ. ಅಟ್ಟದ ಮೇಲೆ ಗರಿಗರಿಯಾಗಿ ಒಣಗಿದ್ದು ಇದೊಂದೇ. ನೀರೊಲೆಗೆ ಹೋಯಿತು.

"ಏನ್ ಚೆಂದ ಉರೀತು ಅಂತೀಯ! ಮನೆಮಂದಿಗೆಲ್ಲ ನೀರು ಕಾಯ್ತು. ಇನ್ನೊಂದೈತಲ್ಲ, ತಗೊಂಡೋಗು. ಎಲ್ಡು ಬಿಲ್ಲು ಹಿಡ್ಕೊಂಡು ಯಾರ್ ಮ್ಯಾಲೆ ಯುದ್ಧಕ್ಕೋಯ್ತೀಯ?"

ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧದ ಹಡಗು 1545ರಲ್ಲಿ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರಲ್ಲಿದ್ದ ನೂರಮೂವತ್ತಕ್ಕೂ ಹೆಚ್ಚು ಬಿಲ್ಲುಗಳು, ಸಮುದ್ರದ ಕೆಸರಿನಲ್ಲಿ ನಾಲ್ಕು ಶತಮಾನ ಕಳೆದೂ, ಉಳಿದುಕೊಂಡಿದ್ದವು. ಆ ಹಡಗಿನಲ್ಲಿ ನೀರೊಲೆಗೆ ಸೌದೆ ಹುಡುಕುವ ದೊಡ್ಡಮ್ಮ ಇರಲಿಲ್ಲ, ಅಷ್ಟೇ.

ಉಳಿದ ಸೀಳನ್ನು ಬಸ್ಸಿನಲ್ಲಿ ಮೈಸೂರಿಗೆ ತಂದೆ. ಕಂಡಕ್ಟರ್ ಇದೇನು ಅಂದರು. ಬಿಲ್ಲು ಅನ್ನಲು ಬಾಯಿ ತೆರೆದಿದ್ದೆ. ಪಕ್ಕದಲ್ಲಿದ್ದ ಅಜ್ಜಿ "ಗುದ್ಲಿ ಕಾವು ಕಣಪ್ಪ" ಅಂದುಬಿಟ್ಟರು. ಕಂಡಕ್ಟರ್‌ಗೆ ಸಮಾಧಾನ ಆಯಿತು. ಆರಡಿ ಗುದ್ದಲಿ ಕಾವಿನಲ್ಲಿ ಯಾರು ಅಗೆಯುತ್ತಾರೆ ಎಂದು ಶ್ರೀರಂಗಪಟ್ಟಣ ದಾಟುವವರೆಗೂ ಯಾರಿಗೂ ಹೊಳೆಯಲಿಲ್ಲ.

ಇನ್ನು ನಿಜವಾದ ಕೆಲಸ. ನಮ್ಮ ಕುವೆಂಪುನಗರದ ಮನೆಯ ಪೋರ್ಟಿಕೋದಲ್ಲಿ ಶುರುವಾಯಿತು. ತೊಗಟೆ ಸುಲಿದರೆ ಕೆಳಗೆ ನುಣ್ಣನೆಯ ಮೈ ಸಿಗುತ್ತದೆ. ಅದು ಬಿಲ್ಲಿನ ಬೆನ್ನು. ಬಾಣ ಹೋಗುವ ದಿಕ್ಕಿಗೆ ಇರುವ ಭಾಗ. ಅದಕ್ಕೆ ಉಳಿ ತಾಗಬಾರದು. ಬಿಲ್ಲು ಎಳೆದಾಗ ಬೆನ್ನು ಹಿಗ್ಗುತ್ತದೆ, ಅಲ್ಲಿ ಒಂದು ನಾರು ತುಂಡಾಗಿದ್ದರೂ ಅಲ್ಲಿಂದಲೇ ಬಿಲ್ಲು ಮುರಿಯುತ್ತದೆ. ನಮ್ಮ ಕಡೆಗಿರುವ ಭಾಗ ಹೊಟ್ಟೆ. ಕೆತ್ತುವುದೆಲ್ಲ ಅಲ್ಲೇ. ಎಳೆದಾಗ ಹೊಟ್ಟೆ ಕುಗ್ಗುತ್ತದೆ. ಎಳೆದರೆ ಕುಗ್ಗುವ ಹೊಟ್ಟೆ ಮನುಷ್ಯರಿಗೂ ಇದ್ದಿದ್ದರೆ ನಾನು ಬಿಲ್ಲು ಬಿಟ್ಟು ಆ ವ್ಯಾಪಾರಕ್ಕೇ ಇಳಿಯುತ್ತಿದ್ದೆ.

ಬಿಲ್ಲಿನ ಕೆಲಸದ ಗುಟ್ಟು ಒಂದೇ ಮಾತಿನದು: ಎಲ್ಲಿ ಬಾಗುತ್ತಿಲ್ಲವೋ ಅಲ್ಲಿ ಹೆರೆಯಬೇಕು, ಎಲ್ಲಿ ಜಾಸ್ತಿ ಬಾಗುತ್ತಿದೆಯೋ ಅಲ್ಲಿ ಕೈ ಇಡಬಾರದು. ಕೇಳಲು ಸುಲಭ. ಅಗಲವನ್ನು ಅರ್ಧಕ್ಕಿಳಿಸಿದರೆ ಬಿಗಿ ಅರ್ಧಕ್ಕಿಳಿಯುತ್ತದೆ. ದಪ್ಪವನ್ನು ಅರ್ಧಕ್ಕಿಳಿಸಿದರೆ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅದಕ್ಕೇ ಕೊನೆಕೊನೆಗೆ ಉಳಿ, ಅರ ಎಲ್ಲ ಪಕ್ಕಕ್ಕಿಟ್ಟು ಒಡೆದ ಗಾಜಿನ ಚೂರಿನಿಂದ ಹೆರೆಯುತ್ತಾರೆ. ಹೆರೆದು, ಸ್ವಲ್ಪ ಸ್ವಲ್ಪವೇ ಎಳೆದು ಬಿಟ್ಟು ಅಭ್ಯಾಸ ಮಾಡಿಸಿ, ದೂರ ನಿಂತು ನೋಡಿ, ಮತ್ತೆ ಹೆರೆಯಬೇಕು. ಹೆರೆದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ.

ದೂರ ನಿಂತು ನೋಡಬೇಕು ಅಂದೆನಲ್ಲ, ಅಲ್ಲೇ ಪಕ್ಕದ ಮನೆ ಮೇಷ್ಟ್ರು ಬಂದದ್ದು. ನಿವೃತ್ತರಾದ ಮೇಲೆ ಅವರಿಗೆ ಕಾಂಪೌಂಡ್ ಗೋಡೆಯೇ ಮೇಜು, ನಾನೊಬ್ಬನೇ ವಿದ್ಯಾರ್ಥಿ. ಮೇಲುಕೋಟೆಯ ಧನುಷ್ಕೋಟಿಗೆ ಹೋಗಿದ್ದೀರಾ ಅಂತ ಕೇಳಿದರು. ಹೋಗಿದ್ದೇನೆ ಅಂದೆ. ಸೀತೆಗೆ ಬಾಯಾರಿಕೆಯಾದಾಗ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಜಾಗ.

"ಬಂಡೆ ಒಡೆಯೋ ಬಿಲ್ಲು ಅದು. ನೀವು ಹೆರೆದೂ ಹೆರೆದೂ ಇದನ್ನ ಹಲ್ಲುಕಡ್ಡಿ ಮಾಡ್ತಾ ಇದ್ದೀರಲ್ಲ ಸ್ವಾಮಿ!"

ಆಮೇಲೆ ಅವರಿಗೆ ಎಡಗಡೆ ಜಾಸ್ತಿ ಬಾಗಿದಂತೆ ಕಾಣಿಸಿತು. ಅವರ ಮನೆಯವರಿಗೆ ಬಲಗಡೆ. ಎದುರುಮನೆ ಹುಡುಗನಿಗೆ ಎರಡೂ ಸರಿಯಿದೆ, ಬಿಲ್ಲು ಹಿಡಿದಿರುವ ಅಂಕಲ್ಲೇ ಓರೆ ಅನ್ನಿಸಿತು.

ಎಷ್ಟು ಬಿಗಿಯಿದೆ ಎಂದು ತೂಕ ಹಾಕಬೇಕು. ಬಿಲ್ಲನ್ನು ಗೋಡೆಗೆ ಕಟ್ಟಿ, ಹೆದೆಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಬಾಣ ಎಳೆಯುವಷ್ಟು ದೂರಕ್ಕೆ ಎಳೆದು ಮುಳ್ಳು ನೋಡುವುದು. ನಮ್ಮ ಬೀದಿಗೆ ಬರುವ ಹಳೇ ಪೇಪರ್‌ನವರ ತಕ್ಕಡಿ ಕೇಳಿ ಇಸಿದುಕೊಂಡೆ. ಮುಳ್ಳು ಹನ್ನೆರಡು ಕೆಜಿ ತೋರಿಸಿತು. ಹದಿನೆಂಟಾದರೂ ಇರಬೇಕಿತ್ತು. ಮೇಷ್ಟ್ರು "ಹಲ್ಲುಕಡ್ಡಿ" ಎಂದು ಎರಡನೇ ಸಲ ಹೇಳಿದರು. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿಂದ ಒಡೆಯದ ಹತ್ತು ಕೆಜಿ ಅಕ್ಕಿ ಚೀಲ ತಂದು ಅದೇ ಕೊಕ್ಕೆಗೆ ನೇತುಹಾಕಿದಳು. ಆರೂಮುಕ್ಕಾಲು ತೋರಿಸಿತು. ಬಿಲ್ಲು ಸರಿಯಾಗೇ ಇತ್ತು. ಇಷ್ಟು ವರ್ಷ ಕೊಟ್ಟ ಪೇಪರಿನ ಲೆಕ್ಕ ಅವಳು ಅಲ್ಲೇ ಬೆರಳೆಣಿಸತೊಡಗಿದಳು. ಆ ವ್ಯಕ್ತಿ ತಕ್ಕಡಿ ವಾಪಸ್ ಕೇಳಲು ಗೇಟಿನ ಒಳಗೆ ಬರಲೇ ಇಲ್ಲ. ರಸ್ತೆಯಿಂದಲೇ ಕೈಚಾಚಿದರು.

ಹೆದೆಗೆ ರೇಷ್ಮೆ ಬೇಕು ಎಂದು ನಾನು ನಿರ್ಧರಿಸಿದ್ದೆ. ರೇಷ್ಮೆ ಹೆದೆ ಹೊಸದೇನಲ್ಲ, ಏಷ್ಯಾದ ಬಿಲ್ಲುಗಾರರು ಬಳಸಿದ್ದೇ. ನಮಗಂತೂ ಮರವೂ ಹಿಪ್ಪುನೇರಳೆ, ಹೆದೆಯೂ ಅದರ ಸೊಪ್ಪು ತಿಂದ ಹುಳುವಿನದು. ಸೊಗಸಲ್ವಾ? ಆದರೆ ಈ ಸೊಗಸನ್ನೆಲ್ಲ ವಿವರಿಸದೆ, ಬೆಳಗ್ಗೆ ಹೊರಡುವಾಗ "ಸಾಯಂಕಾಲ ರೇಷ್ಮೆ ತರ್ತೀನಿ" ಅಂದಿದ್ದೆ. ಮೈಸೂರಿನಲ್ಲಿ, ಅದೂ ದಸರಾ ಮುಂದೆ, ಗಂಡ ಆಡುವ ಮಾತಾ ಅದು? ನಾಲ್ವಡಿಯವರು 1912ರಲ್ಲಿ ರೇಷ್ಮೆ ಕಾರ್ಖಾನೆ ಹಾಕಿಸಿದ ಊರಿದು. ಸಾಯಂಕಾಲ ನಾನು ಬ್ಯಾಗಿನಿಂದ ಒಂದು ಲಡಿ ಹುರಿ ರೇಷ್ಮೆ ತೆಗೆದು ಮೇಜಿನ ಮೇಲಿಟ್ಟೆ. ಅವಳು ಬ್ಯಾಗನ್ನು ತಲೆಕೆಳಗು ಮಾಡಿ ಒದರಿ ನೋಡಿದಳು. ರಾತ್ರಿ ಊಟಕ್ಕೆ ಬೆಳಗಿನ ಉಪ್ಪಿಟ್ಟು ಬಂತು.

ಆಮೇಲಿನ ದಿನಗಳಲ್ಲಿ ಬಿಲ್ಲು ಯಾವಾಗ ಮುಗಿಯುತ್ತದೆ ಎಂಬ ಪ್ರಶ್ನೆಗೆ ಮೊನಚು ಬಂತು. ನಾನು ಅವಳಿಗೆ ಓಟ್ಜಿಯ ಕತೆ ಹೇಳಿದೆ. ಆಲ್ಪ್ಸ್ ಬೆಟ್ಟದ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯ. ಅವನ ಬಳಿ ಇದ್ದ ಆರಡಿಯ ಬಿಲ್ಲು ಕೂಡ ಅರ್ಧ ಕೆತ್ತಿದ್ದು, ಮುಗಿದಿರಲಿಲ್ಲ.

"ಅವನು ಸತ್ತದ್ದು ಹೇಗೆ?"

"ಯಾರೋ ಹೊಡೆದ ಬಾಣ ಭುಜಕ್ಕೆ ನೆಟ್ಟು."

"ನೋಡಿದ್ರಾ, ಬೇರೆಯವರು ಹೇಳಿದ ಟೈಮಿಗೆ ಮುಗಿಸಿದ್ರು."

ಅಂತೂ ಮಹಾನವಮಿಯ ಹೊತ್ತಿಗೆ ಬಿಲ್ಲು ಮುಗಿಯಿತು. ಹೆದೆ ಏರಿಸಿದೆ. ಹೆದೆಗೂ ಬಿಲ್ಲಿನ ಹಿಡಿಗೂ ನಡುವೆ ಒಂದು ಮುಷ್ಟಿ, ಮೇಲೆ ಚಾಚಿದ ಹೆಬ್ಬೆರಳು, ಅಷ್ಟು ಜಾಗ ಸರಿಯಾಗಿ ಬಂತು. ಎರಡೂ ಕಡೆ ಒಂದೇ ಸಮ ಬಾಗಿತ್ತು. ಆಯುಧಪೂಜೆಗೆ ಅಮ್ಮ ಅದನ್ನು ಸ್ಕೂಟರ್, ಮಿಕ್ಸಿ, ಈಳಿಗೆಮಣೆಗಳ ನಡುವೆ ನಿಲ್ಲಿಸಿ, ಬೆನ್ನಿನುದ್ದಕ್ಕೂ ಅರಿಶಿನ ಕುಂಕುಮ ಇಟ್ಟರು. ನಾನು ಹೆದೆ ಬಿಚ್ಚಿಡುತ್ತೇನೆ ಅಂದೆ. ಮರದ ಬಿಲ್ಲನ್ನು ಕೆಲಸವಿಲ್ಲದಾಗ ಹೆದೆ ಇಳಿಸಿಯೇ ಇಡಬೇಕು. ಇಲ್ಲದಿದ್ದರೆ ಹೊಟ್ಟೆಯ ನಾರು ಕುಗ್ಗಿದ್ದು ಕುಗ್ಗಿದಂತೆಯೇ ಉಳಿದು, ಬಿಲ್ಲಿನ ಕಸುವು ಹೋಗುತ್ತದೆ.

"ಹೆದೆ ಬಿಚ್ಚಿದ್ರೆ ಅದು ಕೋಲು. ಕೋಲಿಗೆ ಯಾರಾದ್ರೂ ಪೂಜೆ ಮಾಡ್ತಾರೇನೋ? ನಾಳೆ ವಿಜಯದಶಮಿ ಮುಗೀಲಿ."

ಅಮ್ಮನ ಎದುರು ನಾರಿನ ವಿಜ್ಞಾನ ನಡೆಯಲಿಲ್ಲ. ಮಾರನೇ ದಿನ ಅಂಬಾರಿ ಬನ್ನಿಮಂಟಪ ಸೇರುವವರೆಗೂ ನನ್ನ ಬಿಲ್ಲು ಬಾಗಿಕೊಂಡೇ ನಿಂತಿತ್ತು. ಹೆದೆ ಇಳಿಸಿದರೂ ನೆಟ್ಟಗಾಗಲಿಲ್ಲ. ಎರಡು ಬೆರಳಿನಷ್ಟು ಬಾಗು ಅಲ್ಲೇ ಉಳಿಯಿತು. ಭಕ್ತಿಯಿಂದ ಬಗ್ಗಿದೆ ಅಂದರು ಅಮ್ಮ.

ಆದರೂ ಬಾಣ ಹೋಗುತ್ತಿತ್ತು. ನಾನು ಪೋರ್ಟಿಕೋದಲ್ಲಿ ನಿಂತು, ಎದುರಿಗೆ ಹಳೇ ಗೋಣಿಚೀಲಗಳ ಗುಡ್ಡೆಗೆ ಹೊಡೆದು, ಬಾಣ ತರಲು ಹೋಗಿದ್ದೆ. ಬಿಲ್ಲು ಮೆಟ್ಟಿಲ ಮೇಲಿತ್ತು. ತಿರುಗಿ ನೋಡುವಷ್ಟರಲ್ಲಿ ಮೇಷ್ಟ್ರು ಗೋಡೆಯ ಈಚೆ ಬಂದಿದ್ದಾರೆ. ಬಿಲ್ಲು ಎತ್ತಿಕೊಂಡಿದ್ದಾರೆ. ಎದೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಕಿವಿಯವರೆಗೆ ಹೆದೆ ಎಳೆದಿದ್ದಾರೆ. ಬಾಣ ಇಲ್ಲ.

"ಮೇಷ್ಟ್ರೇ, ಬಿಡಬೇಡಿ!" ಎಂದು ಕೂಗಿದೆ.

ಬಾಣವಿಲ್ಲದೆ ಹೆದೆ ಬಿಡಬಾರದು. ಬಾಣ ಹೊತ್ತುಕೊಂಡು ಹೋಗಬೇಕಾದ ರಭಸವೆಲ್ಲ ಬಿಲ್ಲಿಗೇ ತಿರುಗಿ ಹೊಡೆಯುತ್ತದೆ. ಇದನ್ನು ನಾನು ಗೋಡೆಯಾಚೆಯಿಂದ ಅವರಿಗೆ ಹೇಳಿದ್ದೆ. ಆಗ ಅವರು ದ್ರೋಣಾಚಾರ್ಯರ ವಿಷಯದಲ್ಲಿದ್ದರು.

ಅವರು ಬಿಟ್ಟರು. ಎದುರುಮನೆ ಹುಡುಗ ಪಟಾಕಿ ಎಂದುಕೊಂಡು ಓಡಿ ಬಂದ. ಮೇಲಿನ ತುಂಡು ರೇಷ್ಮೆ ಹೆದೆಯಲ್ಲಿ ಜೋತಾಡುತ್ತಿತ್ತು, ಕೆಳಗಿನದು ಮೇಷ್ಟ್ರ ಕೈಯಲ್ಲಿತ್ತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಮೇಷ್ಟ್ರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ಕಳೆ ಬಂತು.

"ರಾಮನೂ ಹೀಗೇ ಹೆದೆ ಏರಿಸಿ ಎಳೆದದ್ದು, ಮಿಥಿಲೆಯಲ್ಲಿ. ನಡುಮಧ್ಯಕ್ಕೇ ಮುರೀತು" ಅಂದರು.

ಅವರ ಮನೆಯವರು ಗೋಡೆಯಾಚೆಯಿಂದ, "ರಾಮನಿಗೆ ಆಗ ಮದುವೆ ಆಗಿರಲಿಲ್ಲ, ಬನ್ನಿ ಒಳಗೆ" ಅಂದರು.

ಮೇಷ್ಟ್ರು ಹೋದರು. ಹೋಗುವಾಗ ಕೈಯಲ್ಲಿದ್ದ ತುಂಡನ್ನು ಕೆಳಗಿಡಲಿಲ್ಲ. ಅದು ಊರುಗೋಲಿನ ಅಳತೆಗೆ ಸರಿಯಾಗಿ ಮುರಿದಿತ್ತು. ಒಂದು ವಾರದಲ್ಲಿ ತುದಿಗೆ ರಬ್ಬರ್ ಬುಡ ಹಾಕಿಸಿದರು. ಈಗ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅದನ್ನೂರಿಕೊಂಡು ವಾಕಿಂಗ್ ಹೋಗುತ್ತಾರೆ. ಮೊನ್ನೆ ಕೆರೆಯ ಕಡೆ ಸಿಕ್ಕ ಅಪರಿಚಿತರೊಬ್ಬರು ನನ್ನನ್ನು ನಿಲ್ಲಿಸಿ ವಿಚಾರಿಸಿದರು.

"ಹಿಪ್ಪುನೇರಳೆ ಬಿಲ್ಲು ಮುರಿದ ಮೇಷ್ಟ್ರ ಪಕ್ಕದ ಮನೆ ನಿಮ್ಮದೇ ಅಂತಲ್ಲ? ಅದನ್ನ ಮಾಡಿದ್ದು ಯಾರು, ಗೊತ್ತಾ?"