ಸ್ವಾಲ್ಬಾರ್ಡ್‌ನ ಬೀಜ ಮುಳುಗಿಲ್ಲ

"ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರಕ್ಕೆ ನೀರು ನುಗ್ಗಿ ಬೀಜವೆಲ್ಲ ಹಾಳಾಯ್ತು" ಎಂಬ ಸಂದೇಶ ಓಡಾಡುತ್ತಿದೆ. ಅರ್ಧ ನಿಜ, ಅಷ್ಟೆ. ಉತ್ತರ ಧ್ರುವದ ಕಡೆಯ ದ್ವೀಪದಲ್ಲಿ, ದೇಶ ದೇಶಗಳ ಬೆಳೆಯ ಬೀಜವನ್ನು ಆಪತ್ಕಾಲಕ್ಕೆಂದು ಕಾದಿಡುವ ಭಂಡಾರ ಇದು. 2016ರ ಅಕ್ಟೋಬರ್‌ನಲ್ಲಿ ನೀರು ಒಳಗೆ ಬಂದದ್ದು ಹೌದು. ಆದರೆ ಬಾಗಿಲ ಬಳಿಯ ಸುರಂಗದಲ್ಲೇ ಹೆಪ್ಪುಗಟ್ಟಿ ನಿಂತಿತು. ಬೀಜದ ಕೋಣೆಗಳಿರುವುದು ಬೆಟ್ಟದೊಳಗೆ ನೂರು ಮೀಟರಿಗೂ ಜಾಸ್ತಿ ದೂರದಲ್ಲಿ, ಮೈನಸ್ 18 ಡಿಗ್ರಿ ಚಳಿಯಲ್ಲಿ. ಒಂದು ಕಾಳೂ ನೆನೆಯಲಿಲ್ಲ.

"ಅಲ್ಲಿಟ್ಟ ಬೀಜ ನಾರ್ವೆ ಪಾಲು" ಅನ್ನೋದಂತೂ ಪೂರ್ತಿ ಸುಳ್ಳು. ಅದು ನಮ್ಮ ಬ್ಯಾಂಕ್ ಲಾಕರ್ ಇದ್ದ ಹಾಗೆ, ಇಟ್ಟವರದ್ದೇ ಒಡವೆ. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ತನ್ನ ಬೀಜ ಬ್ಯಾಂಕ್ ಕೈತಪ್ಪಿದಾಗ ಒಣಭೂಮಿ ಕೃಷಿಯ ಸಂಶೋಧನೆ ಮಾಡುವ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2015ರಲ್ಲಿ ಸ್ವಾಲ್ಬಾರ್ಡ್‌ನಲ್ಲಿ ತಾನಿಟ್ಟಿದ್ದ ಗೋಧಿ, ಬಾರ್ಲಿ, ಕಡಲೆ ಬೀಜಗಳನ್ನು ವಾಪಸ್ ಪಡೆಯಿತು. ಲೆಬನಾನ್, ಮೊರಾಕ್ಕೊದಲ್ಲಿ ಬೆಳೆಸಿ, 2017ರಲ್ಲಿ ಹೊಸ ಬೀಜವನ್ನು ಮತ್ತೆ ಅಲ್ಲೇ ತಂದಿಟ್ಟಿತು.